ಬಯಲ ತೆರೆಯೂ ಅದ್ಭುತಕಥೆಯೂ

ಕಥಾವಾಙ್ಮಯದಲ್ಲಿ ಉತ್ತಮಾಧಮಭೇದವು ಇಂದು ನಿನ್ನೆಯದಲ್ಲ. ಗುಣಾಢ್ಯನು ಏಳು ಲಕ್ಷ ಶ್ಲೋಕಗಳ ಬೃಹತ್ಕಥೆಯನ್ನು ಪೈಶಾಚೀ ಭಾಷೆಯಲ್ಲಿ ರಚಿಸಿ ಸಾತವಾಹನನ ಆಸ್ಥಾನಕ್ಕೆ ಕಳುಹಿಸಿದನೆಂದೂ, ಪಿಶಾಚರ ಮಾತು, ನೆತ್ತರಿನಿಂದ ಬರೆದ ಅಕ್ಷರ ಇವೆರಡನ್ನೂ ಕಂಡು ಅರಸನು ಅಸಹ್ಯಪಟ್ಟು ಅದನ್ನು ಹಿಂದಿರುಗಿಸಿದನೆಂದೂ ಸೋಮದೇವನ ಕಥಾಸರಿತ್ಸಾಗರದ ಪೀಠಿಕಾಭಾಗವು ಹೇಳುತ್ತದೆ. ಆಗ ಕವಿಯು ಅರಣ್ಯದಲ್ಲಿ ಅಗ್ನಿಕುಂಡವನ್ನು ಮಾಡಿ, ಒಂದೊಂದು ಪತ್ರವನ್ನೂ ಗಟ್ಟಿಯಾಗಿ ಓದಿ ಓದಿ ಬೆಂಕಿಗೆ ಹಾಕತೊಡಗಿದನು. ಕಾಡಿನ ಮೃಗಗಳು ಮೇವನ್ನು ಬಿಟ್ಟು, ಕಣ್ಣೀರು ಸುರಿಸುತ್ತ, ಸುತ್ತುಗಟ್ಟಿ ನಿಂತು ಕೇಳಿದವು. ಅರಮನೆಯ ಅಡಿಗೆಮನೆಗೆ ಬಂದ ಮಾಂಸವು ಒಣಗಿ ನಿಸ್ಸತ್ತ್ವವಾಗಿ, ಅರಸನು ಅಸ್ವಸ್ಥನಾಗಿ, ಕಾರಣವನ್ನು ವಿಚಾರಿಸಿಕೊಂಡು ಓಡಿ ಬರುವಷ್ಟರಲ್ಲಿ ಆರು ಲಕ್ಷ ಶ್ಲೋಕಗಳು ಬೂದಿಯಾಗಿದ್ದವು. ಆಸ್ಥಾನವು ಒಲ್ಲದ ಕಥೆಗೆ ಶ್ರೋತೃಗಳು ದೊರೆತದ್ದು ಬಯಲಿನಲ್ಲಿ, ಬೆಂಕಿಯ ಬೆಳಕಿನ ಸುತ್ತ. ಈ ಆಖ್ಯಾಯಿಕೆಯಲ್ಲಿ ವಿದ್ವಜ್ಜನರು ವಿಶೇಷವಾಗಿ ಗಮನಿಸದೆ ಬಿಟ್ಟ ಅಂಶವು ಇದೇ.

ದಂಡಿಯು ಕಾವ್ಯಾದರ್ಶದಲ್ಲಿ ಬೃಹತ್ಕಥೆಯನ್ನು ಹೆಸರಿಸುವಾಗ ಅದು ಭೂತಭಾಷೆಯದೆಂದೂ, ಅದ್ಭುತಾರ್ಥವುಳ್ಳದ್ದೆಂದೂ ಎರಡು ಮಾತುಗಳಲ್ಲಿಯೇ ಮುಗಿಸುತ್ತಾನೆ. ಕೀಳೆಂದು ಎಣಿಸಲ್ಪಟ್ಟ ಭಾಷೆ, ಬೆರಗುಗೊಳಿಸುವ ವಸ್ತು, ಇವುಗಳ ಜೋಡಿಯು ಅಂದಿನಿಂದ ಇಂದಿನವರೆಗೆ ಬಿಟ್ಟಗಲಿದ್ದು ವಿರಳ. ಕರ್ನಾಟಕವಾದರೋ ಈ ಗ್ರಂಥವನ್ನು ತಿರಸ್ಕರಿಸಿದ ನಾಡಲ್ಲ. ಆರನೆಯ ಶತಮಾನದ ಗಂಗರಾಜ ದುರ್ವಿನೀತನು ವಡ್ಡಕಥೆಯನ್ನು ದೇವಭಾಷೆಯಲ್ಲಿ ನಿಬಂಧಿಸಿದನೆಂದು ಗುಮ್ಮರೆಡ್ಡಿಪುರದ ತಾಮ್ರಶಾಸನವು ಸಾರುತ್ತದೆ. ಕ್ರಿ. ಶ. 1031ರ ಸುಮಾರಿಗೆ ಪಂಚತಂತ್ರವನ್ನು ಕನ್ನಡಿಸಿದ ದುರ್ಗಸಿಂಹನು ತನ್ನ ಮೂಲವಾದ ವಸುಭಾಗನ ಗ್ರಂಥವು ಗುಣಾಢ್ಯನ ಕಥೆಗಳಿಂದಲೇ ಹೊರಟದ್ದೆಂದು ಒಪ್ಪಿಕೊಂಡಿದ್ದಾನೆ. ಈತನ ಸಯ್ಯಡಿಯು ಹಳೆಯ ಧಾರವಾಡ ಜಿಲ್ಲೆಗೆ ಸೇರಿದ್ದ ರೋಣ ತಾಲೂಕಿನ ಸವಡಿಯೇ. ಆದುದರಿಂದ ಹುಬ್ಬಳ್ಳಿ-ಧಾರವಾಡದ ಸೀಮೆಯಲ್ಲಿ ನಿಂತು ಬಯಲಿನ ಅದ್ಭುತಕಥೆಯನ್ನು ಕುರಿತು ವಿಚಾರಿಸುವದು ಅಪ್ರಸ್ತುತವಾಗಲಾರದು.

ಇಂಥ ಕಥೆಯು ಇಪ್ಪತ್ತನೆಯ ಶತಮಾನದಲ್ಲಿ ತಾಳಿದ ರೂಪವು ಓಲೆಯದಲ್ಲ, ತೆರೆಯದು. ಅಮೇರಿಕೆಯ ನ್ಯೂಜೆರ್ಸಿ ಪ್ರಾಂತದ ಕ್ಯಾಮ್ಡೆನ್ ಪಟ್ಟಣದ ಹತ್ತಿರ ರಿಚರ್ಡ್ ಹಾಲಿಂಗ್ಸ್‌ಹೆಡ್ ಎಂಬವನು 1933ರ ಜೂನ್ 6ರಂದು ಮೋಟಾರು ಬಂಡಿಯಲ್ಲಿ ಕುಳಿತೇ ಚಿತ್ರಪಟವನ್ನು ನೋಡುವ ಬಯಲು ಮಂದಿರವನ್ನು ತೆರೆದನು. ಅದಕ್ಕೆ ಡ್ರೈವ್-ಇನ್ ಎಂದು ಹೆಸರಾಯಿತು. 1958ರ ವೇಳೆಗೆ ಆ ದೇಶದಲ್ಲಿ ಇಂಥ ಮಂದಿರಗಳು 4,000ಕ್ಕೆ ಮೇಲ್ಪಟ್ಟಿದ್ದವು. ಒಂದೇ ಹಣಕ್ಕೆ ಎರಡು ಚಿತ್ರಗಳನ್ನು ತೋರಿಸುವ ರೂಢಿಯಲ್ಲಿ ಕಡಿಮೆ ವೆಚ್ಚದಿಂದ ತಯಾರಾಗಿ ಎರಡನೆಯ ಸ್ಥಾನಕ್ಕೆ ನಿಲ್ಲುತ್ತಿದ್ದ ಚಿತ್ರಕ್ಕೆ ಬಿ-ಚಿತ್ರವೆಂಬ ಸಂಜ್ಞೆಯು ಬಂದಿತು. ರಾಕ್ಷಸಾಕಾರದ ಏಡಿಗಳು, ಗ್ರಹಾಂತರದ ಜೀವಿಗಳು, ಸತ್ತು ಎದ್ದವರು ಈ ಚಿತ್ರಗಳ ಪಾತ್ರವರ್ಗವು. ಇವನ್ನು ನೋಡಿ ಬೆಳೆದ ಹುಡುಗರು ಮುಂದೆ ಕಥೆಗಾರರಾದರು. ಜೋ ಲ್ಯಾನ್ಸ್‌ಡೇಲನು 1988ರಲ್ಲಿ ‘ದಿ ಡ್ರೈವ್-ಇನ್’ ಎಂಬ ಹೆಸರಿನಿಂದಲೇ ಒಂದು ಕಾದಂಬರಿಯನ್ನು ಬರೆದನು. 1996ರಲ್ಲಿ ನಾರ್ಮನ್ ಪಾರ್ಟ್ರಿಜ್, ಮಾರ್ಟಿನ್ ಗ್ರೀನ್‌ಬರ್ಗ್ ಇವರು ಈ ವಸ್ತುವನ್ನೇ ಹಿಡಿದು ಹಲವರಿಂದ ಸಣ್ಣಕಥೆಗಳನ್ನು ಬರೆಸಿ ಒಂದು ಸಂಕಲನವನ್ನು ಹೊರಡಿಸಿದರು. ಆ ಸಂಕಲನದ ಹೆಸರಿಗೂ ಹಳೆಯ ಭಯಾನಕ ಚಿತ್ರಗಳ ಭಿತ್ತಿಪತ್ರದ ವರಸೆಯೇ ಉಂಟು.

ಹಿಂದುಸ್ಥಾನದಲ್ಲಿ ಮೋಟಾರಿನ ಬಯಲು ಮಂದಿರಗಳು ತಡವಾಗಿ, ವಿರಳವಾಗಿ ಬಂದವು. ಅಹಮದಾಬಾದದ್ದು 1973ರದು. ಇಲ್ಲಿಯ ಜನರಿಗೆ ಬೇಕಾದದ್ದು ಮೋಟಾರಲ್ಲ, ಡೇರೆ. ಅಬ್ದುಲ್ಲಲ್ಲಿ ಈಸೂಫಲ್ಲಿ ಎಂಬ ಗೃಹಸ್ಥನು 1908ರಿಂದ 1914ರ ವರೆಗೆ ಈ ದೇಶದಲ್ಲೆಲ್ಲ ಸಂಚರಿಸುತ್ತ, ನೂರು ಅಡಿ ಉದ್ದ, ಐವತ್ತು ಅಡಿ ಅಗಲದ ಡೇರೆಯಲ್ಲಿ ಸಾವಿರ ಜನರಿಗೆ ಒಮ್ಮೆಗೇ ಚಿತ್ರಗಳನ್ನು ತೋರಿಸುತ್ತಿದ್ದನು. ಮುಂದೆ ಟೂರಿಂಗ್ ಟಾಕೀಸು ಎಂದು ಹೆಸರಾದ ಸಂಚಾರಿ ಮಂದಿರಗಳಿಗೆ ಇಂಥವರೇ ಮಾರ್ಗದರ್ಶಕರು. ಜಾತ್ರೆಯ ಬಯಲಿನಲ್ಲಿಯೋ, ಸುಗ್ಗಿ ಮುಗಿದ ಹೊಲದಲ್ಲಿಯೋ ಡೇರೆ ಹೊಡೆದು, ಮಳೆಗಾಲಕ್ಕೆ ಕಿತ್ತುಕೊಂಡು ಹೋಗುವ ಈ ಮಂದಿರವು ಕನ್ನಡ ಜನರಿಗೆ ತೀರ ಹೊಸದೆನಿಸಲಿಲ್ಲ. ದೊಡ್ಡಾಟ, ಸಣ್ಣಾಟಗಳು ಬೆಳಗಿನ ವರೆಗೆ ಬಯಲಿನಲ್ಲಿಯೇ ನಡೆಯುತ್ತಿದ್ದವು. ಕಿಳ್ಳೇಕ್ಯಾತರು ಬಿಳಿಯ ಅರಿವೆಯನ್ನು ಕಟ್ಟಿ, ಹಿಂದೆ ದೀಪವನ್ನಿಟ್ಟು, ತೊಗಲಗೊಂಬೆಗಳ ನೆರಳಿನಿಂದ ರಾಮಾಯಣವನ್ನು ಆಡಿಸುತ್ತಿದ್ದರು. ತೆರೆ, ಬೆಳಕು, ಚಲಿಸುವ ಆಕೃತಿ, ಕತ್ತಲೆಯಲ್ಲಿ ನೆಲದ ಮೇಲೆ ಕುಳಿತ ಸಮೂಹ: ಸಾಮಗ್ರಿಯೆಲ್ಲವೂ ಮೊದಲೇ ಇದ್ದಿತು. ಬಂದದ್ದು ಯಂತ್ರವೊಂದೇ.

ಈ ಯಂತ್ರದ ಒಂದು ದೋಷವು ಕಥನಕ್ಕೆ ಗುಣವಾಗಿ ಪರಿಣಮಿಸಿದ್ದನ್ನು ಇಲ್ಲಿ ಹೇಳಬೇಕು. ಸಾವಿರ ಅಡಿಯ ಒಂದು ರೀಲು ಸುಮಾರು 11 ಮಿನಿಟುಗಳಲ್ಲಿ ಮುಗಿಯುತ್ತದೆ. ಪಟ್ಟಣದ ಮಂದಿರದಲ್ಲಿ ಎರಡು ಯಂತ್ರಗಳಿರುತ್ತಿದ್ದುದರಿಂದ ಮುಂದಿನ ರೀಲು ತಡೆಯಿಲ್ಲದೆ ಸಾಗುತ್ತಿದ್ದಿತು. ಡೇರೆಯವನಲ್ಲಿ ಬಹುಧಾ ಇರುತ್ತಿದ್ದದ್ದು ಒಂದೇ. ನಾಯಕನು ಬಂಡೆಯ ಅಂಚಿನಲ್ಲಿ ಜೋತುಬಿದ್ದಾಗ ದೀಪ ಹತ್ತಿದರೆ, ಅವನು ಬಿದ್ದನೋ ಉಳಿದನೋ ಎಂಬದನ್ನು ಪ್ರೇಕ್ಷಕರು ಕಡಲೆ ತಿನ್ನುತ್ತ ತಾವೇ ಊಹಿಸಬೇಕಾಗುತ್ತಿದ್ದಿತು. ಒಬ್ಬೊಬ್ಬನೂ ಒಂದೊಂದು ಕಥೆಯನ್ನು ಕಟ್ಟುತ್ತಿದ್ದನು. ವೇತಾಲಪಂಚವಿಂಶತಿಯಲ್ಲಿ ವೇತಾಲನು ಪ್ರತಿಯೊಂದು ಕಥೆಯ ಕೊನೆಗೆ ಪ್ರಶ್ನೆಯನ್ನು ಕೇಳಿ ಮರಕ್ಕೆ ಹಾರುವ ತಂತ್ರಕ್ಕೂ ಇದಕ್ಕೂ ಹೆಚ್ಚು ದೂರವಿಲ್ಲ. ಮೂಕಪಟದ ಕಾಲದಲ್ಲಿಯಂತೂ ನಡುನಡುವೆ ಬರುವ ಅಕ್ಷರಫಲಕಗಳನ್ನು ಓದಲಾರದವರಿಗೆ ಓದಿ ಅರ್ಥ ಹೇಳುವವರು ಇರುತ್ತಿದ್ದರು. ಪುರಾಣ ಹೇಳುವ ಶಾಸ್ತ್ರಿಗಳ ಮಗ್ಗುಲಲ್ಲಿ ಈ ವ್ಯಾಖ್ಯಾನಕಾರರನ್ನು ಕೂಡ್ರಿಸಿದರೆ ಶಾಸ್ತ್ರಿಗಳು ಮುನಿದಾರು. ಆದರೂ ವೃತ್ತಿಯು ಒಂದೇ.

ಇನ್ನು ಹುಬ್ಬಳ್ಳಿ-ಧಾರವಾಡದ ವಿಶೇಷವನ್ನು ನೋಡುವಾ. ಈ ಸೀಮೆಯು 1956ರ ನವೆಂಬರ 1ರ ವರೆಗೆ ಮುಂಬಯಿ ಆಡಳಿತದಲ್ಲಿತ್ತು. ರಾಜ್ಯಗಳ ಗಡಿ ಬದಲಾದರೂ ಚಿತ್ರಪಟದ ವ್ಯಾಪಾರದ ಗಡಿಯು ಬದಲಾಗಲಿಲ್ಲ. ಹಂಚಿಕೆದಾರರ ಲೆಕ್ಕದಲ್ಲಿ ಬೆಳಗಾವಿ, ಧಾರವಾಡದ ಕಡೆಯ ಊರುಗಳು ಆಮೇಲೆಯೂ ಮುಂಬಯಿ ವಲಯದಲ್ಲಿಯೇ ಉಳಿದವು. ಕನ್ನಡದ ಮೊದಲನೆಯ ಬೋಲಪಟವಾದ ‘ಸತೀ ಸುಲೋಚನಾ’ 1934ರಲ್ಲಿ ಹೊರಬಿದ್ದದ್ದು ನಿಜ, ಅದು ತಯಾರಾದದ್ದು ಕೊಲ್ಹಾಪುರದಲ್ಲಿ ಎಂಬದೂ ನಿಜ. ಆದರೆ ಮುಂದಿನ ಹತ್ತು ವರ್ಷಗಳಲ್ಲಿ ಕನ್ನಡ ಬೋಲಪಟಗಳು ಬೆರಳೆಣಿಕೆಯಷ್ಟೇ ಬಂದವು. ಹೀಗಾಗಿ ಹುಬ್ಬಳ್ಳಿಯ ಕಡೆಗೆ ರೇಲ್ವೆಯ ಮೇಲೆ ಇಳಿದು ಬರುವ ಡಬ್ಬಿಗಳಲ್ಲಿ ಹೆಚ್ಚಿನವು ಮುಂಬಯಿಯ ಚಿತ್ರಗಳವೇ ಆದವು. ನಾಡಿನ ಪಶ್ಚಿಮೋತ್ತರ ಭಾಗದ ಜನರ ಅದ್ಭುತರಸಕ್ಕೆ ಹಿಂದೀ ಮಾತು ಅಂಟಿಕೊಂಡದ್ದು ಹೀಗೆ.

ಆ ಡಬ್ಬಿಗಳಲ್ಲಿ ಏನಿತ್ತು? 1927-28ರಲ್ಲಿ ರಂಗಾಚಾರ್ಯರ ಅಧ್ಯಕ್ಷತೆಯಲ್ಲಿ ಸರಕಾರವು ನೇಮಿಸಿದ ಚಲಚ್ಚಿತ್ರ ಸಮಿತಿಯು ಈ ದೇಶದಲ್ಲಿ ಅತ್ಯಂತ ಜನಪ್ರಿಯವಾದ ಚಿತ್ರವೆಂದು ಡಗ್ಲಸ್ ಫೇರ್‌ಬ್ಯಾಂಕ್ಸನ ‘ಬಾಗ್ದಾದಿನ ಕಳ್ಳ’ನನ್ನು ಹೆಸರಿಸಿತು. ಹಾರುವ ಜಮಖಾನೆ, ರೆಕ್ಕೆಯ ಕುದುರೆ ಇವು 1924ರ ಆ ಅಮೇರಿಕನ್ ಚಿತ್ರದ ಆಕರ್ಷಣೆಗಳು. ಬುಧಸ್ವಾಮಿಯ ಬೃಹತ್ಕಥಾಶ್ಲೋಕಸಂಗ್ರಹದಲ್ಲಿ ಆಕಾಶಯಂತ್ರವನ್ನು ಕಟ್ಟುವ ಶಿಲ್ಪಿಯನ್ನೂ, ಕಥಾಸರಿತ್ಸಾಗರದಲ್ಲಿ ಮರದ ಗೊಂಬೆಗಳೇ ಓಡಾಡುವ ಪಟ್ಟಣವನ್ನೂ ಬಲ್ಲವರಿಗೆ ಇವು ಪರಕೀಯವೆನಿಸಲಾರವು. ಪಂಚತಂತ್ರವು ಆರನೆಯ ಶತಮಾನದಲ್ಲಿ ಪಹ್ಲವಿಗೂ, ಎಂಟನೆಯದರಲ್ಲಿ ಅರಬ್ಬಿಗೂ ಹೋದದ್ದು ಸರ್ವವಿದಿತವಷ್ಟೆ. ಆ ದಾರಿಯಲ್ಲಿ ಹೊರಟ ಕಥೆಗಳ ಬಳಗದ ಒಂದು ಕೊಂಬೆಯು ಸಮುದ್ರವನ್ನು ದಾಟಿ, ಬೆಳ್ಳಿತೆರೆಯ ಮೇಲೆ ಕುಣಿದು, ಮತ್ತೆ ಮನೆಗೆ ಬಂದಿತೆಂದರೆ ಅತಿಶಯೋಕ್ತಿಯ ದೋಷವು ತಟ್ಟೀತು, ಸಾದೃಶ್ಯವನ್ನಂತೂ ಅಲ್ಲಗಳೆಯುವಂತಿಲ್ಲ.

ಫೇರ್‌ಬ್ಯಾಂಕ್ಸನ ಸಾಹಸಚಿತ್ರಗಳಿಗೆ ಮನಸೋತ ಮುಂಬಯಿಯ ಜೆ. ಬಿ. ಎಚ್. ವಾಡಿಯಾ ಇವರು ತಮ್ಮ ಹೋಮಿಯೊಡನೆ 1933ರಲ್ಲಿ ವಾಡಿಯಾ ಮೂವೀಟೋನ ಸಂಸ್ಥೆಯನ್ನು ಸ್ಥಾಪಿಸಿದರು. ಅದರ ಮೊದಲನೆಯ ಬೋಲಪಟ ‘ಲಾಲ್-ಎ-ಯಮನ್’ ಅರಬ್ಬೀ ಮಾದರಿಯ ಅದ್ಭುತಕಥೆಯೇ. 1935ರ ‘ಹಂಟರ್‌ವಾಲಿ’ಯಲ್ಲಿ ನಾದಿಯಾ ಎಂಬ ಹೆಸರಿನ ನಟಿಯು ಮುಖವಾಡ ತೊಟ್ಟು, ಚಾಟಿ ಹಿಡಿದು, ಕುದುರೆಯೇರಿ ದುರ್ಜನರನ್ನು ದಂಡಿಸಿದಳು. ಈಕೆಯು 1908ರಲ್ಲಿ ಆಸ್ಟ್ರೇಲಿಯಾದ ಪರ್ಥದಲ್ಲಿ ಹುಟ್ಟಿದ ಮೇರಿ ಇವಾನ್ಸ್. 1936ರ ‘ಮಿಸ್ ಫ್ರಂಟಿಯರ್ ಮೇಲ್’ದಲ್ಲಿ ಓಡುವ ಆಗಗಾಡಿಯ ಮೇಲ್ಛಾವಣಿಯ ಮೇಲೆಯೇ ಈಕೆಯ ಕಾಳಗ. 1937ರ ‘ಖ್ವಾಬ್ ಕೀ ದುನಿಯಾ’ದಲ್ಲಿ ಬಾಬುಭಾಯಿ ಮಿಸ್ತ್ರಿಯು ಕರಿಯ ದಾರಗಳಿಂದ ವಸ್ತುಗಳನ್ನು ಚಲಿಸುವಂತೆ ಮಾಡಿ ಅದೃಶ್ಯಪುರುಷನನ್ನು ತೋರಿಸಿ, ‘ಕಾಲಾ ಧಾಗಾ’ ಎಂಬ ಅಡ್ಡಹೆಸರನ್ನು ಗಳಿಸಿದನು. ಇವೆಲ್ಲವನ್ನೂ ವ್ಯಾಪಾರಿಗಳು ‘ಸ್ಟಂಟ್ ಚಿತ್ರ’ವೆಂದು ಕರೆದರು, ಸಭ್ಯರು ಮೂಗು ಮುರಿದರು, ನೆಲದ ಮೇಲೆ ಕೂಡ್ರುವವರು ಸಿಳ್ಳು ಹೊಡೆದರು.

ರೇಲ್ವೆಯ ಹೆಸರುಳ್ಳ ಚಿತ್ರಗಳ ಒಂದು ಪಂಕ್ತಿಯೇ ಆ ಕಾಲದಲ್ಲಿ ಹುಟ್ಟಿತು. ‘ತೂಫಾನ್ ಮೇಲ್’ ಎಂಬ ಹೆಸರಿನಿಂದ 1932ರಲ್ಲಿ ವಾಡಿಯಾರದೊಂದು ಮೂಕಪಟವೂ, 1934ರಲ್ಲಿ ರಣಜಿತ್ ಸಂಸ್ಥೆಯದೊಂದು ಬೋಲಪಟವೂ ಬಂದವು. 1939ರಲ್ಲಿ ‘ಪಂಜಾಬ್ ಮೇಲ್’ ಬಂದಿತು. 1942ರ ‘ಜವಾಬ್’ ಚಿತ್ರದಲ್ಲಿ ಕಾನನದೇವಿಯು ಹಾಡಿದ ತೂಫಾನ್ ಮೇಲಿನ ಹಾಡು ದೇಶದ ತುಂಬ ಹರಡಿತು. ಧಾರವಾಡವು ಸದರ್ನ್ ಮರಾಠಾ ರೇಲ್ವೆಯ ಮುಖ್ಯ ಕಚೇರಿಯಿದ್ದ ಊರು, ಹುಬ್ಬಳ್ಳಿಯು ಅದರ ಕಾರಖಾನೆಯ ಊರು. ಇಂಥಲ್ಲಿ ಆಗಗಾಡಿಯ ಮೇಲಣ ಸಾಹಸವು ದೂರದ ಮಾತಲ್ಲ. ದಿನವೆಲ್ಲ ಕಬ್ಬಿಣದ ಸದ್ದಿನಲ್ಲಿ ಬೆವರು ಸುರಿಸುವ ಕೂಲಿಕಾರನಿಗೆ ಅದೇ ಕಬ್ಬಿಣವು ರಾತ್ರಿ ತೆರೆಯ ಮೇಲೆ ರೆಕ್ಕೆಯ ಕುದುರೆಯಾಗಿ ತೋರುವದರ ಮರ್ಮವನ್ನು ಯಾವ ಲಕ್ಷಣಕಾರನೂ ಬರೆದಿಟ್ಟಿಲ್ಲ.

ಇದೇ ದಶಕಗಳಲ್ಲಿ ಧಾರವಾಡವು ಕನ್ನಡ ಗದ್ಯದ ಕಮ್ಮಟವಾಗಿತ್ತು. 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘ, ಅದರ ‘ವಾಗ್ಭೂಷಣ’, ಆಲೂರ ವೆಂಕಟರಾಯರ ‘ಜಯಕರ್ನಾಟಕ’, 1933ರಲ್ಲಿ ಆರಂಭವಾದ ಮನೋಹರ ಗ್ರಂಥಮಾಲೆ ಇವುಗಳ ಸೇವೆಯನ್ನು ಇಲ್ಲಿ ವರ್ಣಿಸಬೇಕಾದದ್ದಿಲ್ಲ. ಆದರೆ ಆ ಕಾಲದ ಸಣ್ಣಕಥೆಯು ಮುಖ್ಯವಾಗಿ ಮನೆ, ಮಠ, ಹಳ್ಳಿ, ಇತಿಹಾಸ ಇವುಗಳ ಕಡೆಗೇ ಮುಖ ಮಾಡಿತು. ಡೇರೆಯ ಕಡೆಗೆ ಬೆನ್ನು ಹಾಕಿತು. ಇದಕ್ಕೆ ಕಾರಣವನ್ನು ಹುಡುಕಲು ಬಹಳ ಕಷ್ಟಪಡಬೇಕಾಗಿಲ್ಲ. ಕನ್ನಡವನ್ನು ಮರಾಠಿಯ ಒತ್ತಿನಿಂದ ಎತ್ತಿ ನಿಲ್ಲಿಸುವ ಕಾರ್ಯದಲ್ಲಿ ತೊಡಗಿದವರಿಗೆ ಹಿಂದೀ ಮಾತಿನ ಸ್ಟಂಟ್ ಚಿತ್ರವು ಎರಡು ಪಟ್ಟು ಪೈಶಾಚಿಯಾಗಿ ಕಂಡಿತು: ಭಾಷೆಯೂ ನಮ್ಮದಲ್ಲ, ವಸ್ತುವೂ ಶಿಷ್ಟವಲ್ಲ. ಅವರ ದುಡಿಮೆಯ ಫಲದಿಂದಲೇ ಇಂದು ಈ ವಿಷಯವನ್ನು ಕನ್ನಡದಲ್ಲಿ ವಿಚಾರಿಸಲು ಸಾಧ್ಯವಾಗಿರುವಾಗ ಅವರನ್ನು ದೂಷಿಸುವದು ಕೃತಘ್ನತೆಯಾದೀತು. ಆದರೂ ಸಾತವಾಹನನ ಮಾದರಿಯ ನಿರಾಕರಣೆಯು ಇಲ್ಲಿಯೂ ನಡೆಯಿತೆಂಬದನ್ನು ಮರೆಮಾಚಲಾಗದು.

ಆಮೇಲೆ ಸಾಹಸಕಥೆಯು ಹಿಂದಿನ ಬಾಗಿಲಿನಿಂದ ಒಳಗೆ ಬಂದಿತು. ಬೆಂಗಳೂರಿನ ಕಡೆ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನು 1950ರ ದಶಕದಿಂದ ವಾಚನಾಲಯಗಳನ್ನು ಆಳಿದನು. 1956ರಲ್ಲಿ ಹುಬ್ಬಳ್ಳಿಯಿಂದ ಹೊರಟ ‘ಕಸ್ತೂರಿ’ ಮಾಸಪತ್ರಿಕೆಯು ತನ್ನ ಪುಸ್ತಕವಿಭಾಗದಲ್ಲಿ ದೇಶವಿದೇಶಗಳ ಗ್ರಂಥಗಳನ್ನು ಸಂಗ್ರಹಿಸಿ ಕೊಡತೊಡಗಿತು. 1968ರ ‘ಜೇಡರ ಬಲೆ’ಯಿಂದ ಕನ್ನಡ ತೆರೆಗೂ ಗುಪ್ತಚರನು ಬಂದನು. ಇವು ಡೇರೆಯ ಜನಕ್ಕೆ ಸಾಮಗ್ರಿಯನ್ನು ಒದಗಿಸಿದವೇ ಹೊರತು, ಡೇರೆಯ ಜನವನ್ನು ಕಥೆಯ ವಸ್ತುವನ್ನಾಗಿ ಮಾಡಲಿಲ್ಲ. ಪ್ರಸ್ತುತ ವಿಷಯಕ್ಕೆ ಬೇಕಾದದ್ದು ಎರಡನೆಯದು.

ಅದನ್ನು ಮಾಡಿದವರಲ್ಲಿ ಜಯಂತ ಕಾಯ್ಕಿಣಿಯವರ ಹೆಸರನ್ನು ಮುಖ್ಯವಾಗಿ ಹೇಳಬೇಕು. 1955ರಲ್ಲಿ ಗೋಕರ್ಣದಲ್ಲಿ ಹುಟ್ಟಿದ ಇವರು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಜೀವರಸಾಯನಶಾಸ್ತ್ರವನ್ನು ಓದಿ, ಉದ್ಯೋಗಕ್ಕಾಗಿ ಮುಂಬಯಿಗೆ ಹೋದರು. ಎಂದರೆ ಚಿತ್ರಪಟದ ಡಬ್ಬಿಗಳು ಬಂದ ದಾರಿಯಲ್ಲಿಯೇ ತಿರುಗಿ ನಡೆದರು. ಇವರ ‘ದಗಡೂ ಪರಬನ ಅಶ್ವಮೇಧ’ವು 1989ರ ಸಂಕಲನದ ಹೆಸರೂ ಹೌದು, ಕಥೆಯ ಹೆಸರೂ ಹೌದು. ಮದುವೆಯ ಮೆರವಣಿಗೆಯ ಕುದುರೆಯು ಬೆದರಿ ಮದುಮಗನನ್ನು ಹೊತ್ತುಕೊಂಡೇ ಮಹಾನಗರದ ಬೀದಿಗಳಲ್ಲಿ ಓಡಿದ ಪ್ರಸಂಗವದು. ಕುದುರೆಯ ಮೇಲೆ ಮುಖಮುಚ್ಚಿದ ವೀರನು ಹಾರಿ ಬರುವದು ಸ್ಟಂಟ್ ಚಿತ್ರದ ಸ್ಥಾಯೀ ದೃಶ್ಯವಷ್ಟೆ. ಇಲ್ಲಿ ಏರಿದವನು ವೀರನಲ್ಲ, ಹಿಡಿತವೂ ಅವನದಲ್ಲ. ಅಶ್ವಮೇಧವೆಂಬ ಶ್ರೌತಶಬ್ದವನ್ನು ಬಾಡಿಗೆಯ ಕುದುರೆಗೆ ಹೊದಿಸಿದ್ದು ಹಾಸ್ಯವೆಂದು ತೋರಿದರೂ, ಯಾಗದಲ್ಲಿಯೂ ಕುದುರೆಯು ಸ್ವೇಚ್ಛೆಯಿಂದಲೇ ತಿರುಗುತ್ತಿದ್ದಿತು, ಅರಸನ ಸೈನ್ಯವು ಅದರ ಹಿಂದೆ ಹೋಗುತ್ತಿದ್ದಿತು ಎಂಬದನ್ನು ನೆನೆದರೆ ಶಬ್ದಪ್ರಯೋಗವು ಔಚಿತ್ಯಪೂರ್ಣವಾಗಿದೆ.

2005ರ ಸಂಕಲನಕ್ಕೆ ‘ತೂಫಾನ್ ಮೇಲ್’ ಎಂದೇ ಹೆಸರು. 1932ರ ಮೂಕಪಟದಿಂದ ಹೊರಟ ಹೆಸರು ಎಪ್ಪತ್ತಮೂರು ವರ್ಷಗಳ ಬಳಿಕ ಕನ್ನಡ ಕಥಾಸಂಗ್ರಹದ ಮುಖಪುಟಕ್ಕೆ ಬಂದು ನಿಂತಿತು. ಆ ಹೆಸರಿನ ಕಥೆಯ ನಾಯಕನು ತೆರೆಯ ವೀರನಲ್ಲ. ವೀರನ ಬದಲಿಗೆ ಹಾರುವ, ಬೀಳುವ, ಮೈಯನ್ನೊಡ್ಡುವ ಸಾಹಸಗಾರನು. ತೆರೆಯ ಮೇಲೆ ಅವನ ಮುಖವು ಎಂದಿಗೂ ಕಾಣುವಂತಿಲ್ಲ. ಕಂಡರೆ ಆ ದಿನದ ಕೆಲಸವು ಕೆಟ್ಟಂತೆಯೇ. ಇನ್ನೊಂದು ಕಥೆ ‘ಒಪೆರಾ ಹೌಸ್’. ಮುಂಬಯಿಯ ಆ ಹಳೆಯ ಮಂದಿರದಲ್ಲಿ ಆಟ ಮುಗಿದ ಮೇಲೆ ಕಸಗುಡಿಸುವವನು, ಕುರ್ಚಿಗಳ ಕೆಳಗೆ ಪ್ರೇಕ್ಷಕರು ಮರೆತು ಹೋದ ವಸ್ತುಗಳನ್ನು ಹೆಕ್ಕುವವನು, ಅದರ ಕೇಂದ್ರ. ಚಿತ್ರವು ಯಾವದೆಂಬದು ಅವನಿಗೆ ಮುಖ್ಯವಲ್ಲ. ಅವನ ಅದ್ಭುತವು ದೀಪ ಹತ್ತಿದ ಮೇಲೆ ಮೊದಲಾಗುತ್ತದೆ.

ಅಮೇರಿಕೆಯ ಡ್ರೈವ್-ಇನ್ ಕಥೆಗೂ ಇದಕ್ಕೂ ಇರುವ ಅಂತರವು ಇಲ್ಲಿ ಸ್ಪಷ್ಟವಾಗುತ್ತದೆ. ಲ್ಯಾನ್ಸ್‌ಡೇಲನ ಕಾದಂಬರಿಯಲ್ಲಿ ತೆರೆಯ ಭಯಾನಕವೇ ಹೊರಗೆ ಇಳಿದು ಬರುತ್ತದೆ: ಡ್ರೈವ್-ಇನ್ನಿನೊಳಗೆ ಸಿಕ್ಕಿಕೊಂಡ ಪ್ರೇಕ್ಷಕರು ತಾವೇ ಬಿ-ಚಿತ್ರದ ಪಾತ್ರಗಳಾಗುತ್ತಾರೆ. ಚಿತ್ರವನ್ನು ಕಥೆಯು ಅನುಕರಿಸಿ, ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗುವದು ಅಲ್ಲಿಯ ಮಾರ್ಗ. ಕನ್ನಡ ಕಥೆಯು ತೆರೆಯ ಕಡೆಗೆ ನೋಡುವದೇ ಇಲ್ಲ. ತೆರೆಯ ಬೆಳಕು ಯಾರ ಮುಖದ ಮೇಲೆ ಬಿದ್ದಿದೆಯೆಂಬದನ್ನು ನೋಡುತ್ತದೆ. ನಾಟ್ಯಶಾಸ್ತ್ರದಲ್ಲಿ ಭರತನು ನಿರ್ವಹಣಸಂಧಿಯ ಕೊನೆಗೆ ಅದ್ಭುತರಸವಿರಬೇಕೆಂದು ವಿಧಿಸಿದ್ದಾನೆ. ಈ ಕಥೆಗಳಲ್ಲಿಯೂ ಕೊನೆಗೆ ಬೆರಗೊಂದು ಉಳಿಯುತ್ತದೆ, ಆದರೆ ಅದರ ಆಲಂಬನವು ವಿದ್ಯಾಧರನಲ್ಲ, ಸಾಧಾರಣ ಮನುಷ್ಯನ ಮೈ. ಇದನ್ನು ರಸಾಭಾಸವೆಂದು ಕೆಲವು ಪಂಡಿತರು ಹೇಳಬಹುದು. ಅನುಚಿತ ವಿಷಯದಲ್ಲಿ ಪ್ರವರ್ತಿಸಿದ ರಸವು ಆಭಾಸವೆಂಬದು ಶಾಸ್ತ್ರಸಮ್ಮತವೇ. ಆದರೆ ಕಸಗುಡಿಸುವವನು ಅದ್ಭುತಕ್ಕೆ ಅನುಚಿತ ಆಲಂಬನವೆಂಬದನ್ನು ಯಾವ ಶಾಸ್ತ್ರವು ಹೇಳಿದೆ? ಅದನ್ನು ಹೇಳಿದ್ದು ಆಸ್ಥಾನವು.

ತೇಜಸ್ವಿನಿ ನಿರಂಜನ ಅವರು ಈ ಮುಂಬಯಿ ಕಥೆಗಳನ್ನು ಆಯ್ದು ‘ನೋ ಪ್ರೆಸೆಂಟ್ಸ್ ಪ್ಲೀಸ್’ ಎಂಬ ಹೆಸರಿನಿಂದ 2017ರಲ್ಲಿ ಇಂಗ್ಲೀಷಿಗೆ ತಂದರು. ಅದಕ್ಕೆ ದಕ್ಷಿಣ ಏಶಿಯಾದ ಸಾಹಿತ್ಯಕ್ಕಾಗಿರುವ 2018ನೆಯ ಸಾಲಿನ ಡಿ. ಎಸ್. ಸಿ. ಪಾರಿತೋಷಕವು ಬಂದಿತು, ಅನುವಾದಿತ ಗ್ರಂಥಕ್ಕೆ ಆ ಪಾರಿತೋಷಕವು ಬಂದದ್ದು ಅದೇ ಮೊದಲು. ಹೊರಗಿನವರು ಮೆಚ್ಚಿದರೆಂದು ಕಥೆಯು ದೊಡ್ಡದಾಗುವದಿಲ್ಲ. ಆದರೂ ಕನ್ನಡ ಸಣ್ಣಕಥೆಯ ಇತಿಹಾಸವನ್ನು ಬರೆಯುವವರು ಇವನ್ನು ನಗರಜೀವನದ ಕಥೆಗಳೆಂಬ ಒಂದೇ ವರ್ಗಕ್ಕೆ ಸೇರಿಸಿ ಮುಂದೆ ಸಾಗುವದು ಅಸಮಗ್ರವಾಗುತ್ತದೆ. ಇವುಗಳ ಪಿತೃಪಕ್ಷವನ್ನು ನವ್ಯಕಥೆಯಲ್ಲಿ ಹುಡುಕುವದು ಯುಕ್ತವೇ, ಮಾತೃಪಕ್ಷವು ಡೇರೆಯಲ್ಲಿದೆ.

ಆ ಮಾತೃಪಕ್ಷದ ದಾಖಲೆಗಳೇ ಇಂದು ದುರ್ಲಭವಾಗುತ್ತಿವೆ. 1980ರ ದಶಕದಲ್ಲಿ ದೂರದರ್ಶನವೂ ವಿಡಿಯೋ ಯಂತ್ರವೂ ಬಂದ ಮೇಲೆ ಸಂಚಾರಿ ಮಂದಿರಗಳು ಒಂದೊಂದಾಗಿ ಡೇರೆಯನ್ನು ಸುತ್ತಿಟ್ಟವು. ಜಾತ್ರೆಯಲ್ಲಿ ಹಂಚಿದ ಬಣ್ಣದ ಹಸ್ತಪತ್ರ, ಒಂದಾಣೆಯ ಹಾಡಿನ ಪುಸ್ತಿಕೆ, ತಾತ್ಪೂರ್ತಿಕ ಪರವಾನಿಗೆಯ ಕಾಗದ, ಗಲ್ಲಾಪೆಟ್ಟಿಗೆಯ ವಹಿ, ಚಕ್ಕಡಿಯ ಮೇಲೆ ಕಟ್ಟಿ ಊರೊಳಗೆ ಮೆರೆಸಿದ ಫಲಕ ಇವನ್ನು ಗ್ರಂಥಾಲಯಗಳು ಗ್ರಂಥಗಳೆಂದು ಎಣಿಸಲಿಲ್ಲ. ತಾಡಪತ್ರಗಳಿಗಾಗಿ ಹಳ್ಳಿ ಹಳ್ಳಿ ತಿರುಗಿದ ಸಂಶೋಧಕರು ಈ ಕಾಗದಗಳನ್ನು ಕೇಳಲಿಲ್ಲ. ಇಟ್ಟುಕೊಂಡವರ ಮನೆಯಲ್ಲಿ ಒಲೆ ಹೊತ್ತಿಸಲು ಅವು ಉಪಯೋಗವಾದವು. ರೀಲು ತಿರುಗಿಸಿದವರೂ, ಊರೂರು ಅಡ್ಡಾಡಿ ಆಟದ ಸುದ್ದಿಯನ್ನು ಕೂಗಿದವರೂ ಇಂದು ವೃದ್ಧರು. ಅವರ ಬಾಯಿಂದ ಕೇಳಿ ಬರೆದುಕೊಳ್ಳುವ ಕೆಲಸವನ್ನು ಕನ್ನಡ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳಿಂದ ಮಾಡಿಸಬಹುದು. ಜಾನಪದ ಸಂಗ್ರಹಕ್ಕಾಗಿ ಇದಕ್ಕಿಂತ ಕಷ್ಟದ ತಿರುಗಾಟಗಳು ನಡೆದಿವೆ.

ಚಿತ್ರಗಳ ಗತಿಯಾದರೂ ಬೇರೆಯಲ್ಲ. ಈ ದೇಶದಲ್ಲಿ ತಯಾರಾದ ಸುಮಾರು 1,300 ಮೂಕಪಟಗಳಲ್ಲಿ ಉಳಿದು ಬಂದವು ತೀರ ಅಲ್ಪ. ನೈಟ್ರೇಟಿನ ಆ ಹಳೆಯ ರೀಲು ಬೇಗನೆ ಹೊತ್ತಿಕೊಳ್ಳುವ ವಸ್ತು. ಎಷ್ಟೋ ರೀಲುಗಳು ಗೋದಾಮಿನಲ್ಲಿ ಸುಟ್ಟುಹೋದವು, ಎಷ್ಟೋ ರೀಲುಗಳನ್ನು ಬೆಳ್ಳಿಯ ಅಂಶಕ್ಕಾಗಿ ಕರಗಿಸಿದರು. ಹಿಂದುಸ್ಥಾನದ ಮೊದಲನೆಯ ಬೋಲಪಟವಾದ 1931ರ ‘ಆಲಮ್ ಆರಾ’ದ ಪ್ರತಿಯು ಎಲ್ಲಿಯೂ ಸಿಕ್ಕಿಲ್ಲ. ಕನ್ನಡದ ಮೊದಲನೆಯ ಬೋಲಪಟ ‘ಸತೀ ಸುಲೋಚನಾ’ದ ಪ್ರತಿಯೂ ಉಳಿದಿಲ್ಲ. ಅದರ ಕಥೆ, ನಟರು, ಆಡಿದ ತಾರೀಖು ಇವು ಕೆಲವು ಛಾಯಾಚಿತ್ರಗಳಿಂದ, ಜಾಹೀರಾತುಗಳಿಂದ, ನೋಡಿದವರು ಹೇಳಿದ ಮಾತುಗಳಿಂದ ಮಾತ್ರ ತಿಳಿದುಬರುತ್ತವೆ.